ಬಿಸಿಲಿಗೆ ಬರವಿರುವ ನಾಡಿನಲ್ಲಿ ಟೊಮೆಟೊ

ಬರ ಎಂಬ ಮಾತನ್ನು ನಾವು ಮಳೆಗೆ ಸಂಬಂಧಿಸಿಯೇ ಆಡುತ್ತೇವೆ. ಬಿಸಿಲಿಗೂ ಬರವಿರಬಹುದೆಂಬ ಕಲ್ಪನೆ ನಮ್ಮ ನಾಡಿನವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಕೋಲಾರದ ಒಕ್ಕಲಿಗನಿಗೆ ನೀರಿನದೇ ಚಿಂತೆ. ನೇಸರನಿಗಾಗಿ ಅವನು ಕಾದು ಕುಳಿತುದಿಲ್ಲ. ಆದರೆ ನೀರು ಧಾರಾಳವಾಗಿದ್ದು, ಬಿಸಿಲು ಮಾತ್ರ ಅಳೆದು ಕೊಟ್ಟಂತೆ ದೊರೆಯುವ ನಾಡುಗಳೂ ಇವೆ. ಇಂಗ್ಲೆಂಡ್ ಅಂಥದೊಂದು ನಾಡು. ನಮ್ಮ ಅನೇಕ ಮನೆತನಗಳ ಮಕ್ಕಳು ಇಂದು ಅಲ್ಲಿ ಸಂಸಾರ ಹೂಡಿದ್ದಾರೆ. ಅವರಲ್ಲಿಗೆ ಹೋಗಿ ಬರುವ ಹಿರಿಯರು, ನಾಲ್ಕು ಹೆಜ್ಜೆಯ ಹಿತ್ತಿಲಿನಲ್ಲಿ ಪುಟ್ಟದೊಂದು ಗಾಜಿನ ಮನೆಯನ್ನೂ, ಅದರೊಳಗೆ ಮಕ್ಕಳಂತೆ ಜೋಪಾನಗೊಂಡ ಟೊಮೆಟೊ ಗಿಡಗಳನ್ನೂ ಕಂಡು ಬೆರಗಾಗುವುದುಂಟು. ಸಂತೆಯಲ್ಲಿ ದೊರೆಯುವ ಹಣ್ಣಿಗೆ ಇಷ್ಟೊಂದು ಆರೈಕೆ ಏಕೆ ಎಂಬ ಪ್ರಶ್ನೆಗೆ ಉತ್ತರವನ್ನು ಆ ನಾಡಿನ ಹವೆಯಲ್ಲಿಯೂ ಆ ಗಿಡದ ಸ್ವಭಾವದಲ್ಲಿಯೂ ಹುಡುಕಬೇಕು.

ಗಿಡದ ತವರು, ಗಿಡದ ಸ್ವಭಾವ

ಟೊಮೆಟೊ ಬದನೆ, ಆಲೂಗಡ್ಡೆ, ಮೆಣಸಿನಕಾಯಿಗಳ ಕುಲಕ್ಕೆ ಸೇರಿದ ಸಸ್ಯ. ಇದರ ಕಾಡುತಳಿಗಳ ತವರು ದಕ್ಷಿಣ ಅಮೆರಿಕದ ಪಶ್ಚಿಮ ಸೀಮೆ. ಇದನ್ನು ಬೆಳೆಯಾಗಿ ಪಳಗಿಸಿ ಬಳಕೆಗೆ ತಂದವರು ಮೆಕ್ಸಿಕೊದ ಜನ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಇದು ಯುರೋಪನ್ನು ಸೇರಿತು. 1597ರಲ್ಲಿ ಪ್ರಕಟವಾದ ಜಾನ್ ಜೆರಾರ್ಡನ ಸಸ್ಯಗ್ರಂಥದಲ್ಲಿ ಇದರ ವರ್ಣನೆಯಿದೆ. ಆದರೂ ಇಂಗ್ಲೆಂಡಿನ ಜನರು ಬಹುಕಾಲ ಇದನ್ನು ನೋಡಿ ಆನಂದಿಸುವ ಗಿಡವೆಂದು ಬೆಳೆಸಿದರೇ ಹೊರತು ಉಣ್ಣಲು ಹಿಂಜರಿದರು. ಇದೇ ಕುಲದಲ್ಲಿ ವಿಷಸಸ್ಯಗಳೂ ಇರುವುದು ಆ ಅಂಜಿಕೆಗೆ ಒಂದು ಕಾರಣ.

ತವರಿನ ಹವೆಯನ್ನು ಈ ಗಿಡ ಇಂದಿಗೂ ಮರೆತಿಲ್ಲ. ಬೀಜ ಚೆನ್ನಾಗಿ ಮೊಳೆಯಲು ಸುಮಾರು 20 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಶಾಖ 10 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಇಬ್ಬನಿ ಹೆಪ್ಪುಗಟ್ಟುವಂಥ ಒಂದೇ ರಾತ್ರಿ ಸಾಕು, ತಿಂಗಳುಗಳ ದುಡಿಮೆ ಕರಕಾಗಿ ಬೀಳಲು. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ 13ನೆಯ ಅಕ್ಷಾಂಶದಲ್ಲಿದ್ದರೆ ಲಂಡನ್ 51ನೆಯ ಅಕ್ಷಾಂಶದಾಚೆ ಇದೆ. ಅಲ್ಲಿ ಅನೇಕ ಕಡೆ ಮೇ ತಿಂಗಳ ಕೊನೆಯವರೆಗೂ ಇಂಥ ಚಳಿಯ ಭಯವುಂಟು. ಅಕ್ಟೋಬರಿನಲ್ಲಿ ಅದು ಮತ್ತೆ ಬಾಗಿಲು ತಟ್ಟುತ್ತದೆ. ಬಯಲಿನಲ್ಲಿ ಈ ಗಿಡ ನಿಶ್ಚಿಂತೆಯಿಂದಿರಬಹುದಾದ ಕಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು ಮಾತ್ರ. ಬೀಜ ಬಿತ್ತಿದಂದಿನಿಂದ ಹಣ್ಣು ಕೀಳುವವರೆಗೆ ಆ ಹವೆಯಲ್ಲಿ ನಾಲ್ಕೈದು ತಿಂಗಳು ಹಿಡಿಯುತ್ತವೆ. ಆಯುಷ್ಯಕ್ಕಿಂತ ಋತು ಚಿಕ್ಕದು. ಅಲ್ಲಿಯ ಟೊಮೆಟೊ ಕೃಷಿಯ ಎಲ್ಲ ಉಪಾಯಗಳೂ ಈ ಒಂದು ಕೊರತೆಯಿಂದಲೇ ಹುಟ್ಟಿದವು.

ಬಯಲಿನ ಬೇಸಾಯ

ಬಯಲಿನಲ್ಲಿ ಬೆಳೆಯುವವರು ಮಾರ್ಚ್ ತಿಂಗಳ ಕೊನೆಯಲ್ಲಿ ಅಥವಾ ಏಪ್ರಿಲ್ ಮೊದಲಲ್ಲಿ ಬೀಜವನ್ನು ಮನೆಯೊಳಗೇ, ಕಿಟಕಿಯ ಬಳಿಯ ಕುಂಡಗಳಲ್ಲಿ ಬಿತ್ತುತ್ತಾರೆ. ಆತುರಪಟ್ಟು ಬಹಳ ಮುಂಚೆ ಬಿತ್ತಿದರೆ ಸಸಿಗಳು ಬೆಳಕಿಗಾಗಿ ಹಂಬಲಿಸಿ ಬಡಕಲಾಗಿ ಉದ್ದಕ್ಕೆ ಬೆಳೆದುಬಿಡುತ್ತವೆ. ಮೇ ತಿಂಗಳ ಕೊನೆಗೆ ಸಸಿಗಳನ್ನು ಹಗಲು ಹೊರಗಿಟ್ಟು ರಾತ್ರಿ ಒಳಗೆ ತಂದು, ಹೀಗೆ ಹತ್ತಾರು ದಿನ ಹೊರಗಿನ ಗಾಳಿಗೆ ಒಗ್ಗಿಸುತ್ತಾರೆ. ಬೆಚ್ಚನೆಯ ಮನೆಯಿಂದ ನೇರವಾಗಿ ಬಯಲಿಗೆ ಇಳಿಸಿದ ಸಸಿ ಬಹುದಿನ ಬೆಳೆಯದೆ ನಿಲ್ಲುತ್ತದೆ. ಜೂನ್ ಮೊದಲ ವಾರ, ಮೊದಲ ಹೂಗೊಂಚಲು ಅರಳುವ ಹೊತ್ತಿಗೆ, ಗಿಡದಿಂದ ಗಿಡಕ್ಕೆ ಒಂದೂವರೆ ಎರಡಡಿ ಅಂತರವಿಟ್ಟು ನಾಟಿ ಮಾಡಿ ಕೋಲಿನ ಆಸರೆ ಕೊಡುತ್ತಾರೆ.

ನಾಟಿಗೆ ಆರಿಸುವ ಸ್ಥಳ ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಬುಡ. ಆ ಅಕ್ಷಾಂಶದಲ್ಲಿ ನಡುಹಗಲಿನ ಸೂರ್ಯ ಎಂದಿಗೂ ನೆತ್ತಿಯ ಮೇಲೆ ಬಾರದೆ ದಕ್ಷಿಣದ ಕಡೆಗೇ ಇರುತ್ತಾನೆ. ಹಗಲು ಕಾದ ಇಟ್ಟಿಗೆಯ ಗೋಡೆ ರಾತ್ರಿ ತನ್ನ ಶಾಖವನ್ನು ಮೆಲ್ಲಗೆ ಗಿಡಕ್ಕೆ ಹಿಂದಿರುಗಿಸುತ್ತದೆ. ಕಟ್ಟಿದ ಗೋಡೆಯೂ ಹೀಗೆ ಬೇಸಾಯದ ಸಾಧನವಾಗುತ್ತದೆ.

ಇನ್ನು ಮುಖ್ಯವಾದ ಕೆಲಸ ಚಿವುಟುವುದು. ಕೋಲಿಗೆ ಕಟ್ಟಿ ಬೆಳೆಸುವ ತಳಿಗಳಲ್ಲಿ ಎಲೆಯ ಕಂಕುಳಿನಿಂದ ಚಿಗುರುಗಳು ಒಂದರ ಮೇಲೊಂದು ಹೊರಡುತ್ತವೆ. ಅವನ್ನು ಬಿಟ್ಟರೆ ಗಿಡವೆಲ್ಲ ಸೊಪ್ಪಾಗುತ್ತದೆ. ಆದ್ದರಿಂದ ಬೆರಳಿನಿಂದ ಅವನ್ನು ಎಳೆಯದರಲ್ಲಿಯೇ ತೆಗೆಯುತ್ತಾರೆ. ನಾಲ್ಕು ಗೊಂಚಲುಗಳಲ್ಲಿ ಕಾಯಿ ಕಚ್ಚಿದೊಡನೆ, ಮೇಲಿನ ಗೊಂಚಲಿನ ಆಚೆ ಎರಡು ಎಲೆಗಳನ್ನು ಉಳಿಸಿ ಗಿಡದ ತುದಿಯನ್ನೇ ಚಿವುಟುತ್ತಾರೆ. ಸಾಮಾನ್ಯವಾಗಿ ಆಗಸ್ಟ್ ತಿಂಗಳಲ್ಲಿ ನಡೆಯುವ ಈ ಕೆಲಸ ಹೊಸಬರಿಗೆ ಕ್ರೂರವೆನಿಸಬಹುದು: ಬೆಳೆಯುತ್ತಿರುವ ಗಿಡ, ಅರಳಲಿರುವ ಹೂವು, ಅದನ್ನು ಕೈಯಾರೆ ಮುರಿಯುವುದೇ? ಆದರೆ ಉಳಿದಿರುವ ಬಿಸಿಲು ನಾಲ್ಕು ಗೊಂಚಲುಗಳಿಗೆ ಮಾತ್ರ ಸಾಕು. ಅದನ್ನು ಏಳಕ್ಕೆ ಹಂಚಿದರೆ ಏಳೂ ಕಾಯಾಗಿಯೇ ಉಳಿದಾವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ತೋಟದಲ್ಲಿ ದೊರೆಯದು.

1845ರ ಎರಡು ಸಂಗತಿಗಳು

ಚಳಿಯನ್ನು ಗೆದ್ದ ಗಿಡಕ್ಕೆ ಇನ್ನೊಬ್ಬ ಶತ್ರುವುಂಟು: ಅಂಗಮಾರಿ ರೋಗ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಹೊಲಗಳಿಗೆ ಬಿದ್ದು, ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡ ಕ್ಷಾಮಕ್ಕೆ ಕಾರಣವಾದ ರೋಗವಿದು. ಟೊಮೆಟೊ ಆಲೂಗಡ್ಡೆಯ ಬಂಧುವಾದುದರಿಂದ ಆ ಪೀಡೆ ಇದಕ್ಕೂ ತಪ್ಪಿದ್ದಲ್ಲ. ಗಾಳಿಯಲ್ಲಿ ತೇಲಿ ಬರುವ ಇದರ ಬೀಜಕಣಗಳು ಒದ್ದೆಯಾದ ಎಲೆಯ ಮೇಲೆ ಮೊಳೆಯುತ್ತವೆ. ಎಲೆ, ಕಾಂಡ, ಕಾಯಿ ಎಲ್ಲವೂ ಕಂದು ಬಣ್ಣಕ್ಕೆ ತಿರುಗಿ ಕೆಲವೇ ದಿನಗಳಲ್ಲಿ ಕೊಳೆಯುತ್ತವೆ. ಸತತ ಎರಡು ದಿನ ಶಾಖ 10 ಡಿಗ್ರಿಗಿಂತ ಕೆಳಗಿಳಿಯದೆ, ಪ್ರತಿದಿನ ಕನಿಷ್ಠ ಆರು ಗಂಟೆ ಗಾಳಿಯ ತೇವಾಂಶ ಶೇಕಡಾ 90ಕ್ಕೆ ಕಡಿಮೆಯಾಗದಿದ್ದರೆ ರೋಗ ಹಬ್ಬುವ ಅಪಾಯವುಂಟೆಂದು ಬ್ರಿಟನ್ನಿನಲ್ಲಿ 2017ರಿಂದ ಬೆಳೆಗಾರರಿಗೆ ಎಚ್ಚರಿಕೆ ಕೊಡುತ್ತಾರೆ. ಈ ಅಳತೆಗೆ ಹಟನ್ ಅವಧಿ ಎಂದು ಹೆಸರು.

ಅದೇ 1845ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಬ್ರಿಟನ್ನಿನಲ್ಲಿ ಗಾಜಿನ ಮೇಲೆ ದೀರ್ಘಕಾಲದಿಂದ ಹೇರಿದ್ದ ಸುಂಕ ರದ್ದಾಯಿತು. ಅಲ್ಲಿಯವರೆಗೆ ಗಾಜಿನ ಮನೆ ಸಿರಿವಂತರ ಸೊತ್ತು. ಆ ಬಳಿಕ ಗಾಜು ಅಗ್ಗವಾಗಿ ಸಾಮಾನ್ಯ ಬೆಳೆಗಾರನ ಕೈಗೂ ಎಟುಕಿತು. 1851ರಲ್ಲಿ ಲಂಡನ್ನಿನಲ್ಲಿ ಜೋಸೆಫ್ ಪ್ಯಾಕ್ಸ್ಟನ್ ರೂಪಿಸಿದ ಸ್ಫಟಿಕ ಭವನ ಎದ್ದು ನಿಂತಿತು. 1889ರಲ್ಲಿ ಅಡಿಗಲ್ಲು ಬಿದ್ದ ನಮ್ಮ ಲಾಲ್‌ಬಾಗಿನ ಗಾಜಿನ ಮನೆ ಆ ಭವನದ ಮಾದರಿಯನ್ನೇ ಅನುಸರಿಸಿದುದು. ನಮಗೆ ಅದು ಪುಷ್ಪಪ್ರದರ್ಶನದ ಮಂಟಪ. ಚಳಿನಾಡಿನವರಿಗೆ ಗಾಜಿನ ಮನೆಯೆಂದರೆ ಬಿಸಿಲನ್ನು ಕೂಡಿಡುವ ಕಣಜ.

ಗಾಜಿನೊಳಗಣ ಬೇಸಾಯ

ಗಾಜು ಶಾಖವನ್ನು ಹೇಗೆ ಹಿಡಿದಿಡುತ್ತದೆ? ಬಿಸಿಲು ಗಾಜಿನ ಮೂಲಕ ಒಳನುಗ್ಗಿ ಮಣ್ಣನ್ನೂ ಗಿಡವನ್ನೂ ಕಾಯಿಸುತ್ತದೆ. ಅವುಗಳಿಂದ ಗಾಳಿ ಕಾಯುತ್ತದೆ. ಬಯಲಿನಲ್ಲಾದರೆ ಕಾದ ಗಾಳಿ ಮೇಲೇರಿ ತಂಪು ಗಾಳಿ ಅದರ ಸ್ಥಾನಕ್ಕೆ ಬರುತ್ತದೆ. ಗಾಜಿನ ಮಾಡು ಆ ಓಡಾಟವನ್ನು ತಡೆಯುತ್ತದೆ. ಶಾಖ ಉಳಿಯಲು ಮುಖ್ಯ ಕಾರಣ ಇದೇ ಎಂಬುದನ್ನು ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ 1909ರಲ್ಲಿ ಸರಳವಾದ ಪ್ರಯೋಗವೊಂದರಿಂದ ತೋರಿಸಿದರು.

ಹೀಗೆ ಗಳಿಸಿದ ಶಾಖದಿಂದ ಋತು ಎರಡು ಕಡೆಗೂ ಹಿಗ್ಗುತ್ತದೆ. ಫೆಬ್ರವರಿ ಕೊನೆಯಿಂದಲೇ ಬಿತ್ತನೆ ಸಾಧ್ಯ. ನಾಲ್ಕರ ಬದಲು ಏಳು ಗೊಂಚಲುಗಳವರೆಗೆ ಗಿಡವನ್ನು ಬಿಡಬಹುದು. ಎಲೆಗಳ ಮೇಲೆ ಮಳೆ ಬೀಳದಿರುವುದರಿಂದ ಅಂಗಮಾರಿಯ ಕಾಟವೂ ಕಡಿಮೆ.

ಆದರೆ ಗಾಜು ಕೊಡುವ ವರಗಳ ಜೊತೆಗೆ ಹೊಣೆಗಳೂ ಬರುತ್ತವೆ. ಬೇಸಿಗೆಯ ನಡುಹಗಲು ಕಿಂಡಿಗಳನ್ನು ತೆರೆಯದಿದ್ದರೆ ಒಳಗಿನ ಶಾಖ ಮಿತಿಮೀರುತ್ತದೆ. 30 ಡಿಗ್ರಿ ದಾಟಿದರೆ ಹಣ್ಣಿನ ಕೆಂಪು ಬಣ್ಣ ಸರಿಯಾಗಿ ಕೂಡುವುದಿಲ್ಲ. ಅದಕ್ಕಾಗಿ ಗಾಜಿಗೆ ಸುಣ್ಣದಂಥ ಬಿಳಿ ಲೇಪ ಹಚ್ಚಿ ನೆರಳು ಮಾಡುವುದೂ ಉಂಟು. ಬಿಸಿಲಿಗಾಗಿ ಮನೆ ಕಟ್ಟಿದವನೇ ಬಿಸಿಲನ್ನು ತಡೆಯಬೇಕಾಗುತ್ತದೆ! ಮಳೆ ಒಳಗೆ ಬಾರದ ಕಾರಣ ನೀರಿನ ಭಾರವೆಲ್ಲ ಒಡೆಯನದೇ. ಒಂದು ದಿನ ಮರೆತು ಮರುದಿನ ಸುರಿದರೆ ಗಿಡಕ್ಕೆ ಸುಣ್ಣದ ಸತ್ವ ಏರದೆ ಕಾಯಿಯ ತುದಿ ಕಪ್ಪಾಗಿ ಕೂರುತ್ತದೆ. ಹಣ್ಣು ಬಿರಿಯುವುದೂ ಉಂಟು. ಕಾಯಿ ಕಚ್ಚಿದ ಮೇಲೆ ಹತ್ತು ಹದಿನಾಲ್ಕು ದಿನಕ್ಕೊಮ್ಮೆ ಪೊಟ್ಯಾಷ್ ಅಧಿಕವಾಗಿರುವ ದ್ರವಗೊಬ್ಬರವನ್ನೂ ಕೊಡಬೇಕು.

ಬಯಲಿನಲ್ಲಿ ಗಾಳಿಯೂ ದುಂಬಿಗಳೂ ಮಾಡುವ ಪರಾಗದ ಕೆಲಸ ಮುಚ್ಚಿದ ಮನೆಯಲ್ಲಿ ತಾನಾಗಿ ನಡೆಯದು. ಟೊಮೆಟೊ ಹೂವಿನ ಪರಾಗ ಉದುರಬೇಕಾದರೆ ಹೂವು ನಡುಗಬೇಕು. ದುಂಬಿ ಹೂವನ್ನು ಹಿಡಿದು ಝೇಂಕರಿಸಿದಾಗ ಆ ನಡುಕ ಹುಟ್ಟುತ್ತದೆ. ಜೇನುನೊಣಕ್ಕೆ ಆ ವಿದ್ಯೆ ತಿಳಿಯದು. ಮನೆತೋಟದವರು ಗಿಡವನ್ನು ಮೆಲ್ಲಗೆ ಅಲುಗಿಸಿ ಆ ಕೆಲಸ ತೀರಿಸುತ್ತಾರೆ. ದೊಡ್ಡ ಬೆಳೆಗಾರರೂ ಹಿಂದೆ ಕೂಲಿಯಾಳುಗಳಿಂದ ಹೂವುಗಳನ್ನು ಅದುರಿಸುತ್ತಿದ್ದರು. ಬೆಲ್ಜಿಯಮ್ಮಿನ ರೋಲಂಡ್ ಡಿ ಯೋಂಗೆ ಎಂಬ ಪಶುವೈದ್ಯರು 1987ರಲ್ಲಿ ಸಾಕಿದ ದುಂಬಿಗಳ ಗೂಡುಗಳನ್ನು ಬೆಳೆಗಾರರಿಗೆ ಒದಗಿಸುವ ಸಂಸ್ಥೆಯನ್ನು ಆರಂಭಿಸಿದ ಮೇಲೆ ಆ ಶ್ರಮ ತಪ್ಪಿತು. ದುಂಬಿಗೆ ಮಾರಕವಾದ ಕೀಟನಾಶಕಗಳ ಬಳಕೆಯೂ ಇದರಿಂದ ತಗ್ಗಬೇಕಾಯಿತು. ಎಲೆಯ ರಸ ಹೀರುವ ಬಿಳಿನೊಣವನ್ನು ಅಡಗಿಸಲು ಎನ್ಕಾರ್ಸಿಯಾ ಎಂಬ ಅತಿ ಚಿಕ್ಕ ಕಣಜದ ಹುಳುವನ್ನು ಇಂಗ್ಲೆಂಡಿನವರು 1920ರ ದಶಕದಲ್ಲಿಯೇ ಸಾಕಿ ಹಂಚಿದ್ದರು. ಕಾಯುವ ಕೀಟವನ್ನು ಕೊಲ್ಲದೆ ಉಳಿಸಿಕೊಂಡವನಿಗೆ ವಿಷದ ಹಂಗಿಲ್ಲ.

ಕೊಂಡ ಶಾಖ, ಬಂದ ಶಾಖ

ಬರಿಯ ಬಿಸಿಲಿನಿಂದ ತೃಪ್ತರಾಗದೆ, ಇಂಧನ ಸುಟ್ಟು ಗಾಜಿನ ಮನೆಯನ್ನು ಕಾಯಿಸಿ ಬಹುಕಾಲ ಹಣ್ಣು ಬೆಳೆಯುವ ಉದ್ಯಮವೂ ಅಲ್ಲಿ ಬೆಳೆಯಿತು. ಗರ್ನ್ಸಿ ದ್ವೀಪದ ಟೊಮೆಟೊ ಒಂದು ಕಾಲಕ್ಕೆ ಇಂಗ್ಲೆಂಡಿನ ಮನೆಮನೆಯಲ್ಲಿ ಹೆಸರಾಗಿತ್ತು. 1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿತು. ಡಚ್ಚರ ಪೈಪೋಟಿಯೂ ಸೇರಿ ಆ ಉದ್ಯಮ ಕುಸಿಯಿತು. 2022ರಲ್ಲಿ ಅನಿಲದ ಬೆಲೆ ಗಗನಕ್ಕೇರಿದಾಗ ಬ್ರಿಟನ್ನಿನ ಅನೇಕ ಬೆಳೆಗಾರರು ಚಳಿಗಾಲದ ನಾಟಿಯನ್ನು ಕೈಬಿಟ್ಟರು ಅಥವಾ ಮುಂದೂಡಿದರು. ಸ್ಪೇನ್, ಮೊರಾಕೊ ದೇಶಗಳಲ್ಲಿಯೂ ಹವೆ ಕೆಟ್ಟು ಆಮದು ಇಳಿಯಿತು. 2023ರ ಫೆಬ್ರವರಿಯಲ್ಲಿ ಅಲ್ಲಿಯ ದೊಡ್ಡ ಅಂಗಡಿಗಳು ಒಬ್ಬರಿಗೆ ಇಷ್ಟೇ ಟೊಮೆಟೊ ಎಂದು ಮಿತಿ ಹಾಕಿದುವು. ಅದೇ ವರ್ಷದ ಜುಲೈ ತಿಂಗಳಲ್ಲಿ ನಮ್ಮಲ್ಲಿಯೂ ಕಿಲೋ ಟೊಮೆಟೊ ನೂರು ರೂಪಾಯಿ ದಾಟಿದುದನ್ನು ಗೃಹಿಣಿಯರು ಮರೆತಿರಲಾರರು. ಕೊಂಡ ಶಾಖದ ಮೇಲೆ ನಿಂತ ಬೆಳೆ ಶಾಖದ ಬೆಲೆ ಏರಿದೊಡನೆ ಅಲುಗುತ್ತದೆ. ಬಂದಷ್ಟು ಬಿಸಿಲನ್ನು ಜೋಪಾನಮಾಡಿ ಬೆಳೆದವನ ಹಿತ್ತಿಲಿಗೆ ಆ ಭಯವಿಲ್ಲ. ಅವನಿಗೆ ಚಳಿಗಾಲದಲ್ಲಿ ಹಣ್ಣಿಲ್ಲ, ನಿಜ. ಬೇಸಿಗೆಯಲ್ಲಿ ಅವನದು ಅವನದೇ.

ಇಷ್ಟೆಲ್ಲ ಮಾಡಿದರೂ ಸೆಪ್ಟೆಂಬರ್ ಕೊನೆಗೆ ಕೆಲವು ಕಾಯಿಗಳು ಹಸಿರಾಗಿ ಉಳಿಯುವುದು ಸಹಜ. ರೋಗ ತಗುಲದ ಕಾಯಿಗಳನ್ನು ಆಯ್ದು ಮಾಗಿದ ಬಾಳೆಹಣ್ಣಿನೊಡನೆ ಮುಚ್ಚಿಟ್ಟರೆ, ಬಾಳೆಯಿಂದ ಹೊರಡುವ ಎಥಿಲೀನ್ ಅನಿಲ ಅವನ್ನೂ ಹಣ್ಣು ಮಾಡುತ್ತದೆ. ಉಳಿದುದಕ್ಕೆ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಉಪಾಯ ಹೇಳಬೇಕಾಗಿಲ್ಲ: ಶೇಂಗಾ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಸೇರಿಸಿ ಹುರಿದು ಅರೆದ ಟೊಮೆಟೊ ಕಾಯಿಯ ಚಟ್ನಿ ರೊಟ್ಟಿಗೆ ಒಪ್ಪುವಂತೆ ಹಣ್ಣೂ ಒಪ್ಪದು. ಪರನಾಡಿನಲ್ಲಿರುವ ಮಕ್ಕಳು ಈ ವರ್ಷ ಎರಡು ಗಿಡ ನೆಟ್ಟರೆ ಸಾಕು. ನಾಲ್ಕು ಗೊಂಚಲು ಬಿಟ್ಟ ಮೇಲೆ ತುದಿಯನ್ನು ಚಿವುಟಲು ಮಾತ್ರ ಹಿಂಜರಿಯದಿರಲಿ. ಬೇಡವೆಂದು ಬಿಟ್ಟುದರಿಂದಲೇ ಉಳಿದುದು ಕೆಂಪಾಗುತ್ತದೆ.