ನೆರೆಯ ಜೀನ್ ಬಾಯಿ ಮುಚ್ಚಿಸಿದಾಗ

ದೊಡ್ಡವರ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನ ಬಹುಪಾಲು ಅಣುಗಳಲ್ಲಿ ತಲಾ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳಿರುತ್ತವೆ. ಆಲ್ಫಾ ಸರಪಳಿಯ ಜೀನ್‌ಗಳಿರುವುದು 16ನೇ ವರ್ಣತಂತುವಿನ ತುದಿಯ ಹತ್ತಿರ. ಅಪ್ಪನಿಂದ ಎರಡು, ಅಮ್ಮನಿಂದ ಎರಡು, ಒಟ್ಟು ನಾಲ್ಕು. ಒಂದು ಕೈಕೊಟ್ಟರೆ ಗೊತ್ತೇ ಆಗುವುದಿಲ್ಲ. ಎರಡು ಹೋದರೆ ತುಸು ರಕ್ತಹೀನತೆ, ಮೂರು ಹೋದರೆ ಕಾಯಿಲೆ ಎದ್ದು ಕಾಣುತ್ತದೆ. ನಾಲ್ಕೂ ಇಲ್ಲದ ಮಗು ಸಾಮಾನ್ಯವಾಗಿ ಬದುಕುವುದಿಲ್ಲ. ಇದು ಆಲ್ಫಾ ಥಲಸ್ಸೇಮಿಯಾ.

ಜೀನ್ ಬಿದ್ದುಹೋಗಿರುತ್ತದೆ, ಇಲ್ಲವೇ ಅದರ ಅಕ್ಷರಗಳಲ್ಲಿ ತಪ್ಪು ನುಸುಳಿರುತ್ತದೆ. ಬಹುತೇಕ ರೋಗಿಗಳಲ್ಲಿ ಕಾರಣ ಇಷ್ಟೇ. ಆಕ್ಸ್‌ಫರ್ಡ್‌ನಲ್ಲಿ ಡಗ್ಲಸ್ ಹಿಗ್ಸ್, ಕ್ರಿಸ್ಟಿನಾ ಟುಫರೆಲ್ಲಿ ಮತ್ತು ಸಂಗಡಿಗರಿಗೆ ಎದುರಾದ ಒಬ್ಬ ರೋಗಿಯ ಕತೆಯೇ ಬೇರೆ. ಆ ರೋಗಿಯ ಒಂದು 16ನೇ ವರ್ಣತಂತುವಿನಲ್ಲಿ ಉಳಿದಿದ್ದ ಆಲ್ಫಾ ಜೀನ್ ಅಕ್ಷರ ಅಕ್ಷರವೂ ಸರಿಯಾಗಿತ್ತು. ಅದನ್ನು ಚಾಲೂ ಮಾಡುವ ಹತ್ತಿರದ, ದೂರದ ಗುಂಡಿಗಳೆಲ್ಲ ಇದ್ದವು. ಆದರೂ ಅದು ಕೆಲಸ ಮಾಡುತ್ತಿರಲಿಲ್ಲ.

ಗುಟ್ಟು ಪಕ್ಕದಲ್ಲಿತ್ತು. ವರ್ಣತಂತುವಿನ ಒಂದು ತುಂಡು ಕಳಚಿಹೋಗಿದ್ದರಿಂದ, ದೂರದಲ್ಲಿದ್ದ ಎಲ್‌ಯುಸಿ7ಎಲ್ ಎಂಬ ಜೀನ್ ಆಲ್ಫಾ ಜೀನ್‌ಗೆ ಅಂಟಿಕೊಂಡಂತೆ ಬಂದು ಕುಳಿತಿತ್ತು. ಅದರ ಬಾಲವೂ ತುಂಡಾಗಿತ್ತು. 'ಇಲ್ಲಿಗೆ ನಿಲ್ಲಿಸು' ಎನ್ನುವ ಗುರುತು ಇರುವುದು ಆ ಬಾಲದಲ್ಲೇ. ಹಾಗಾಗಿ ಆರ್‌ಎನ್‌ಎ ಪ್ರತಿ ತೆಗೆಯುವ ಕೆಲಸ, ಬದು ಒಡೆದ ಗದ್ದೆಯ ನೀರಿನಂತೆ, ಪಕ್ಕದ ಆಲ್ಫಾ ಜೀನ್‌ನೊಳಕ್ಕೂ ನುಗ್ಗಿತು. ಅದೂ ಡಿಎನ್‌ಎಯ ಎದುರು ಎಳೆಯ ಮೇಲೆ, ತಿರುಗುಮುರುಗಾಗಿ. ಆಲ್ಫಾ ಜೀನ್ ದುಡಿಯುವುದು ಮುಖ್ಯವಾಗಿ ಕೆಂಪು ರಕ್ತಕಣ ತಯಾರಾಗುವಲ್ಲಿ. ಈ ನೆರೆಯ ಜೀನ್ ದೇಹದ ಹೆಚ್ಚುಕಡಿಮೆ ಎಲ್ಲ ಕಡೆಯೂ ದುಡಿಯುತ್ತದೆ. ಭ್ರೂಣದ ಮೊದಮೊದಲ ದಿನಗಳಲ್ಲೇ ಇದರ ಹಾವಳಿ ಶುರುವಾಗಿ, ಆಲ್ಫಾ ಜೀನ್‌ನ ಆರಂಭದ ಭಾಗಕ್ಕೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಮೆತ್ತಿಕೊಂಡವು. ಆರೋಗ್ಯವಂತರಲ್ಲಿ ಆ ಜಾಗದಲ್ಲಿ ಮಿಥೈಲ್ ಇರುವುದಿಲ್ಲ. ಜೀನ್‌ಗೆ ಬೀಗ ಬಿತ್ತು. ಇಲಿಗಳಲ್ಲೂ ಭ್ರೂಣದ ಆಕರಕೋಶಗಳಲ್ಲೂ ಇದನ್ನೇ ಮರಳಿ ಮಾಡಿ ತೋರಿಸಿ, ತಂಡ 2003ರಲ್ಲಿ 'ನೇಚರ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು.

ಮಿಥೈಲ್ ಗುರುತುಗಳಲ್ಲಿ ಹೆಚ್ಚಿನವು ತಲೆಮಾರು ಬದಲಾಗುವಾಗ ಅಳಿಸಿಹೋಗುತ್ತವಲ್ಲ, ಮತ್ತೆ ಈ ಕಾಯಿಲೆ ವಂಶದಲ್ಲಿ ಇಳಿಯುವುದು ಹೇಗೆ? ಇಳಿದು ಬರುವುದು ಮುರಿದ ವರ್ಣತಂತು. ಅದು ಸಿಕ್ಕ ಮಗುವಿನಲ್ಲಿ ಬೀಗ ಹೊಸದಾಗಿ ಬೀಳುತ್ತದೆ. ಆಲ್ಫಾ ಜೀನ್ ಒಂದನ್ನೇ ಓದಿ 'ಎಲ್ಲ ಸರಿಯಿದೆ' ಎಂದು ವರದಿ ಕೊಡುವ ಪರೀಕ್ಷೆಗೆ ಇದು ಕಣ್ಣಿಗೇ ಬೀಳದು.

ಜೀನ್‌ನ ಮೌನ ಯಾವಾಗಲೂ ಕೇಡೇನಲ್ಲ. ಹುಟ್ಟಿದ ಕೆಲವು ತಿಂಗಳಲ್ಲಿ ಭ್ರೂಣದ ಹಿಮೋಗ್ಲೋಬಿನ್‌ನ ಗಾಮಾ ಜೀನ್ ನಮ್ಮಲ್ಲಿ ಬಹುತೇಕರಲ್ಲಿ ಹೆಚ್ಚುಕಡಿಮೆ ಸುಮ್ಮನಾಗುತ್ತದೆ. ಅದನ್ನು ಸುಮ್ಮನಾಗಿಸುವುದರಲ್ಲಿ ಬಿಸಿಎಲ್11ಎ ಎಂಬ ಪ್ರೋಟೀನ್‌ನದು ದೊಡ್ಡ ಪಾತ್ರ. ರಕ್ತದ ಆಕರಕೋಶಗಳಲ್ಲಿ ಅದನ್ನು ಕುಗ್ಗಿಸಿ ಗಾಮಾ ಜೀನನ್ನು ಮತ್ತೆ ಎಬ್ಬಿಸುವ, ಕ್ರಿಸ್ಪರ್ ಎಂಬ ಜೀನ್ ತಿದ್ದುವ ವಿಧಾನದ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಅದು ಕುಡುಗೋಲು ಕಣ ರೋಗಕ್ಕೂ ಬೀಟಾ ಥಲಸ್ಸೇಮಿಯಾಕ್ಕೂ ಆಗುತ್ತದೆ. ಆಲ್ಫಾ ಥಲಸ್ಸೇಮಿಯಾಕ್ಕೆ ಒದಗದು, ಏಕೆಂದರೆ ಭ್ರೂಣದ ಹಿಮೋಗ್ಲೋಬಿನ್‌ಗೂ ಆಲ್ಫಾ ಸರಪಳಿ ಬೇಕೇ ಬೇಕು.