ಮನೆಮಂದಿಗೆ ಮನಸ್ಸಿನ ಪುಸ್ತಕ

ಮನಸ್ಸಿನ ಕಾಯಿಲೆಗಳ ವಿಚಾರವನ್ನು ಕನ್ನಡದ ಮನೆಗಳಿಗೆ ತಲುಪಿಸಿದವರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯ ಡಾ. ಎಂ. ಶಿವರಾಂ (ರಾಶಿ) ಪ್ರಮುಖರು. ಅವರ ‘ಮನಮಂಥನ’ ಪುಸ್ತಕಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ನಗಿಸುವ ಕೈಯೇ ಅಳುವಿನ ಮೂಲವನ್ನೂ ಹುಡುಕಿದ್ದು ಸೋಜಿಗವೇನಲ್ಲ. ಬಳಿಕ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ತಿಳಿಗನ್ನಡದ ಹಲವಾರು ಪುಸ್ತಕಗಳಲ್ಲಿ ಖಿನ್ನತೆ, ಆತಂಕ, ಕುಡಿತದ ಚಟಗಳನ್ನು ವಿವರಿಸಿದರು.

ಮಕ್ಕಳಿಗೆ ಮಾತ್ರ ಉಪದೇಶ ರುಚಿಸದು, ಕಥೆಯೇ ಬೇಕು. ಶಾಲೆಗೆ ಹೊರಡುವ ಹೊತ್ತಿಗೆ ದಿನವೂ ಹೊಟ್ಟೆನೋವು ಎನ್ನುವ ಮಗು, ಚಿತ್ರಪುಸ್ತಕದ ಪುಟ್ಟನನ್ನು ತೋರಿಸಿ “ಇವನಿಗೂ ಭಯ” ಎಂದು ಬಾಯಿಬಿಡಬಹುದು. ದೊಡ್ಡವರು ಪಕ್ಕದಲ್ಲಿ ಕೂತು ಓದಬೇಕಾದದ್ದು ಅದಕ್ಕೇ. ಆದರೆ ಪುಸ್ತಕವು ಚಿಕಿತ್ಸೆಗೆ ಬದಲಿಯಲ್ಲ. ಊಟ, ನಿದ್ದೆ ಕೆಟ್ಟು ವಾರಗಳಾದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.