ಗುಳ್ಳೆ ತೊಟ್ಟು ಕಳಚುವ ಗಳಿಗೆ

ನಾಗರಬಾವಿಯ ನಮ್ಮ ಮನೆಯ ಅಕ್ವೇರಿಯಂನಲ್ಲಿ ಒಂದು ದಿನ, ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಹಂಚುವ ಏರ್ ಸ್ಟೋನ್ ಕಳಚಿಬಿತ್ತು. ಬರಿ ಪೈಪಿನ ಬಾಯಿಂದ ದಪ್ಪ ಗುಳ್ಳೆಗಳು ಏಳತೊಡಗಿದವು. ಪಂಪಿನ ಗಾಳಿ ತಗ್ಗಿಸಿ, ಗಾಜಿಗೆ ಮುಖ ಒತ್ತಿ ನೋಡಿದೆ. ಗುಳ್ಳೆ ಮೊದಲು ಪೈಪಿಗೆ ಅಂಟಿಕೊಂಡೇ ಉಬ್ಬುತ್ತದೆ. ಆಮೇಲೆ ಬುಡ ಮೇಲೇಳುತ್ತದೆ, ಸಣ್ಣ ಕತ್ತು ಮೂಡುತ್ತದೆ, ಎಳೆದು ತೆಳ್ಳಗಾಗಿ ಕಡಿಯುತ್ತದೆ.

ಈ ಎರಡು ಹೆಜ್ಜೆಗಳನ್ನೇ ಹಿಡಿದು ಲೆಕ್ಕ ಕಟ್ಟಿದವರು ಇದೇ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಆರ್. ಕುಮಾರ್ ಮತ್ತು ಎನ್.ಆರ್. ಕುಲೂರ್.

ಗುಳ್ಳೆ ಚಿಕ್ಕದಾದಷ್ಟೂ ಅಷ್ಟೇ ಗಾಳಿ ಹೆಚ್ಚು ನೀರನ್ನು ಮುಟ್ಟುತ್ತದೆ. ಹಾಗಾಗಿ ರಾಸಾಯನಿಕ ಕಾರ್ಖಾನೆಗಳಿಗೆ ಅದರ ಗಾತ್ರ ಮೊದಲೇ ತಿಳಿಯಬೇಕಿತ್ತು. ಆದರೆ ಪ್ರಯೋಗಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ದ್ರವ ಮಂದವಾದರೆ ಗುಳ್ಳೆ ದೊಡ್ಡದಾಗುತ್ತದೆ ಎಂದರು ಕೆಲವರು. ಏನೂ ವ್ಯತ್ಯಾಸವಿಲ್ಲ ಎಂದರು ಇನ್ನು ಕೆಲವರು. 1960ರಲ್ಲಿ ಡೇವಿಡ್‌ಸನ್ ಮತ್ತು ಷೂಲರ್ ಮಂದ ದ್ರವಕ್ಕೊಂದು, ತೆಳು ದ್ರವಕ್ಕೊಂದು ಲೆಕ್ಕ ಕೊಟ್ಟಿದ್ದರು. ಎಲ್ಲಕ್ಕೂ ಒಪ್ಪುವ ಒಂದೇ ಲೆಕ್ಕ ಬೇಕಿತ್ತು.

1969ರಲ್ಲಿ ಕುಮಾರ್ ಮತ್ತು ಕುಲೂರ್, ಸಹಲೇಖಕ ರಾಮಕೃಷ್ಣನ್ ಜೊತೆ ಅದನ್ನು ಪ್ರಕಟಿಸಿದರು. ಮೊದಲ ಹಂತ ಹಿಗ್ಗುವುದು: ಗುಳ್ಳೆಯನ್ನು ಮೇಲಕ್ಕೆತ್ತುವ ತೇಲುಬಲವು, ಅದನ್ನು ಹಿಡಿದಿಡುವ ಮೇಲ್ಮೈ ಎಳೆತ, ದ್ರವದ ಮಂದತನ, ಜಡತ್ವ ಮೂರಕ್ಕೂ ಸರಿಸಮವಾಗುವವರೆಗೆ. ಎರಡನೆಯದು ಕಳಚುವುದು: ಹಣ್ಣು ಮಾಗಿದ ಮೇಲೂ ತೊಟ್ಟು ಬಿಡಲು ಹೊತ್ತು ಹಿಡಿಯುವಂತೆ, ಗುಳ್ಳೆ ಎದ್ದರೂ ಕತ್ತಿನ ಮೂಲಕ ಗಾಳಿ ತುಂಬುತ್ತಲೇ ಇರುತ್ತದೆ. ಮೊದಲ ಹಂತದ ಕೊನೆಯಲ್ಲಿದ್ದ ತ್ರಿಜ್ಯದಷ್ಟು ದೂರ ಬುಡ ಮೇಲೇರಿದಾಗ ಕತ್ತು ಕಡಿಯುತ್ತದೆ.

ಹಳೆಯ ಜಗಳವೂ ಇದರಿಂದ ಬಗೆಹರಿಯಿತು. ಗಾಳಿ ನಿಧಾನವಿದ್ದು ತೂತು ದೊಡ್ಡದಿದ್ದರೆ ಮೇಲ್ಮೈ ಎಳೆತದ್ದೇ ಆಳ್ವಿಕೆ, ಮಂದತನ ಲೆಕ್ಕಕ್ಕೇ ಬರದು. ಹರಿವು ಹೆಚ್ಚಿದಂತೆ ಮಂದತನದ ಮಾತು ನಡೆಯುತ್ತದೆ. ಎರಡೂ ಕಡೆಯವರು ಕಂಡದ್ದು ನಿಜವೇ. ನೋಡಿದ ಜಾಗ ಬೇರೆಯಾಗಿತ್ತು. 1970ರಲ್ಲಿ ಕುಮಾರ್ ಮತ್ತು ಕುಲೂರ್ ಗುಳ್ಳೆ, ಹನಿ ಎರಡರ ಹುಟ್ಟನ್ನೂ ಸೇರಿಸಿ ಬರೆದ ದೀರ್ಘ ಲೇಖನವನ್ನು ಈ ಕ್ಷೇತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ.

ನೀರಿನಂಥ ತೆಳು ದ್ರವದಲ್ಲಿ, ಜೋರು ಹರಿವಿಗೆ ಅವರ ಸೂತ್ರ ಹಾಕಿ ನೋಡಿ: ಸೆಕೆಂಡಿಗೆ 10 ಮಿಲಿಲೀಟರ್ ಗಾಳಿ ಬಿಟ್ಟರೆ ಒಂದು ಗುಳ್ಳೆ ಸುಮಾರು ಕಾಲು ಮಿಲಿಲೀಟರ್, ಸೆಕೆಂಡಿಗೆ 40 ಗುಳ್ಳೆ. ಗಾಳಿ ಇಮ್ಮಡಿಸಿದರೆ ಗುಳ್ಳೆ 2.3 ಪಟ್ಟು ಹಿಗ್ಗುತ್ತದೆ, ಸಂಖ್ಯೆ ಮಾತ್ರ 35ಕ್ಕೆ ಇಳಿಯುತ್ತದೆ. ಜೋರಾಗಿ ಊದಿದಷ್ಟಕ್ಕೆ ಸಣ್ಣ ಗುಳ್ಳೆಗಳು ಸಿಗುವುದಿಲ್ಲ; ಗಾಳಿಯನ್ನು ನೂರಾರು ತೂತುಗಳಿಗೆ ಹಂಚಬೇಕು.

ಏರ್ ಸ್ಟೋನನ್ನು ಮತ್ತೆ ಪೈಪಿಗೆ ಸಿಕ್ಕಿಸಿದೆ. ನೀರೆಲ್ಲ ಬೆಳ್ಳಿಪುಡಿ ಎರಚಿದಂತಾಯಿತು.